ಗಾಳಿ ಚೆನ್ನಾಗಿರುವ ಊರಲ್ಲೂ ಆಸ್ತಮಾ ಸಾವು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಸ್ವಲ್ಪ ಕಾಫಿ, ಮೆಣಸು ಇದೆ. ಅಮ್ಮನಿಗೆ 56 ವರ್ಷ. ಇಪ್ಪತ್ತು ವರ್ಷದಿಂದ ಉಬ್ಬಸ. ಎದೆ ಕಟ್ಟಿದಾಗ ನೀಲಿ ಪಂಪ್ ಎಳೆದುಕೊಳ್ಳುತ್ತಾರೆ. ಜಾಸ್ತಿ ಆದರೆ ಪೇಟೆಗೆ ಕರೆದುಕೊಂಡು ಹೋಗಿ ನೆಬ್ಯುಲೈಸ್ (ಔಷಧಿಯನ್ನು ಮಂಜಿನಂತೆ ಮಾಡಿ ಎಳೆಸುವುದು) ಮಾಡಿಸಿ, ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತೇವೆ. ಹೋದ ಮಳೆಗಾಲದಲ್ಲಿ ಪಕ್ಕದ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆಯ) 32 ವರ್ಷದ ಹುಡುಗ ಇದೇ ಉಬ್ಬಸದಿಂದ ರಾತ್ರೋರಾತ್ರಿ ತೀರಿಕೊಂಡ. ಅವತ್ತಿನಿಂದ ನನಗೆ ಭಯ ಹತ್ತಿದೆ. ಜಗತ್ತಿನ ಆಸ್ತಮಾ ಸಾವಿನಲ್ಲಿ ಅರ್ಧ ಭಾರತದಲ್ಲೇ ಆಗುತ್ತದೆ ಅಂತ ಎಲ್ಲೋ ಓದಿದೆ. ಬೇರೆ ದೇಶಗಳಲ್ಲಿ ಆಸ್ಪತ್ರೆ ಸೇರುವವರೂ ಸಾಯುವವರೂ ಕಡಿಮೆ ಆಗುತ್ತಿದ್ದಾರಂತೆ. ನಿಜವೇ? ನಮ್ಮೂರ ಗಾಳಿ ಇಷ್ಟು ಚೆನ್ನಾಗಿದ್ದೂ ಹೀಗೇಕೆ?

ಉತ್ತರ: ಅರ್ಧ ಅನ್ನುವುದು ಸ್ವಲ್ಪ ಏರಿಸಿ ಹೇಳಿದ ಮಾತು. ಆದರೆ ತೀರಾ ಸುಳ್ಳೂ ಅಲ್ಲ. ಎಲ್ಲ ದೇಶಗಳ ಎಲ್ಲ ಕಾಯಿಲೆಗಳ ಹೊರೆಯನ್ನು ಅಂದಾಜು ಮಾಡುವ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಇದೆ. ಅದರ 2019ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಆಸ್ತಮಾ ಇದ್ದವರು ಸುಮಾರು 26 ಕೋಟಿ. ಆ ವರ್ಷ ಅದರಿಂದ ಸತ್ತವರು ಸುಮಾರು ನಾಲ್ಕೂವರೆ ಲಕ್ಷ. ಭಾರತದ ಪಾಲಿಗೆ ಬಂದರೆ ಆಸ್ತಮಾ ಇದ್ದವರು ಸುಮಾರು 3.4 ಕೋಟಿ, ಸತ್ತವರು ಸುಮಾರು 1.98 ಲಕ್ಷ. ಅಂದರೆ ರೋಗಿಗಳಲ್ಲಿ ನಮ್ಮ ಪಾಲು ನೂರಕ್ಕೆ 13. ಸಾವಿನಲ್ಲಿ ನೂರಕ್ಕೆ 42ರ ಮೇಲೆ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನಮ್ಮಲ್ಲಿ ಆಸ್ತಮಾ ಬೇರೆಯವರಿಗಿಂತ ಜಾಸ್ತಿ ಏನಿಲ್ಲ. ಬಂದವರು ಸಾಯುವುದು ಜಾಸ್ತಿ, ಜಗತ್ತಿನ ಸರಾಸರಿಯ ಮೂರು ಪಟ್ಟು.

ಈಗ ಒಂದು ತಕರಾರು ನಾನೇ ಎತ್ತುತ್ತೇನೆ. ಈ 1.98 ಲಕ್ಷ ಸಾವನ್ನು ಯಾರೂ ಒಂದೊಂದಾಗಿ ಎಣಿಸಿಲ್ಲ. ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು 2020ರಲ್ಲಿ ನೂರಕ್ಕೆ 22.5 ಮಾತ್ರ. ಮನೆಯಲ್ಲೇ ಸತ್ತವರ ವಿಷಯದಲ್ಲಿ ಸಮೀಕ್ಷೆಯವರು ಬಂದು ಮನೆಯವರನ್ನು ಕೇಳುತ್ತಾರೆ. ಹೇಗೆ ಸತ್ತರು, ಮುಂಚೆ ಏನಿತ್ತು, ಜ್ವರ ಇತ್ತೇ, ಉಸಿರು ಕಟ್ಟಿತ್ತೇ. ಆ ಉತ್ತರಗಳನ್ನು ಓದಿ ವೈದ್ಯರು ಕಾರಣ ಊಹಿಸುತ್ತಾರೆ. ನಮ್ಮ ಕಡೆ ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು. ಐವತ್ತು ವರ್ಷ ಬೀಡಿ ಸೇದಿದ ಅಜ್ಜನಿಗೂ ದಮ್ಮು, ಹೃದಯ ಸೋತು ಕಾಲು ಊದಿದ ಅಜ್ಜಿಗೂ ದಮ್ಮು, ಹನ್ನೆರಡು ವರ್ಷದ ಹುಡುಗಿಯ ಆಸ್ತಮಾಕ್ಕೂ ದಮ್ಮು. ಬೀಡಿ ಅಜ್ಜನದು ಸಿಒಪಿಡಿ, ಹೊಗೆಯಿಂದ ಶ್ವಾಸಕೋಶ ಹಾಳಾಗುವ ಬೇರೆಯೇ ಕಾಯಿಲೆ. ಹಾಗಾಗಿ ವಯಸ್ಸಾದವರ ಲೆಕ್ಕದಲ್ಲಿ ಕಲಬೆರಕೆ ಇದ್ದೇ ಇದೆ. ನಾವು ಡಾಕ್ಟರುಗಳೂ ಸಾಚಾ ಅಲ್ಲ. ಸರ್ಟಿಫಿಕೇಟಿನಲ್ಲಿ ‘ಹೃದಯ ಮತ್ತು ಉಸಿರಾಟ ನಿಂತು ಸಾವು’ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಹಾಗೆ ನೋಡಿದರೆ ಎಲ್ಲರೂ ಅದರಿಂದಲೇ ಸಾಯುವುದು, ಅಲ್ವಾ?

ಇದೇ ಕಾರಣಕ್ಕೆ ಆಸ್ತಮಾ ಸಾವಿನ ಬಗ್ಗೆ ಕೆಲಸ ಮಾಡುವವರು ಹೆಚ್ಚಾಗಿ 5ರಿಂದ 34 ವರ್ಷದವರ ಲೆಕ್ಕ ನೋಡುತ್ತಾರೆ. ಆ ವಯಸ್ಸಿನಲ್ಲಿ ಬೀಡಿಯ ಕಾಯಿಲೆ ಇನ್ನೂ ಬಂದಿರುವುದಿಲ್ಲ, ಹೃದಯ ಗಟ್ಟಿ ಇರುತ್ತದೆ. ಉಬ್ಬಸದಿಂದ ಸತ್ತ ಅಂದರೆ ಬಹುಮಟ್ಟಿಗೆ ಆಸ್ತಮಾದಿಂದಲೇ ಸತ್ತ. ನಿಮ್ಮ ಪಕ್ಕದ ತೋಟದ ಹುಡುಗ ಈ ಲೆಕ್ಕದೊಳಗೆ ಬರುತ್ತಾನೆ.

46 ದೇಶಗಳ ಈ ವಯಸ್ಸಿನವರ ಸಾವನ್ನು ಒಟ್ಟು ಹಾಕಿದ ಒಂದು ಅಧ್ಯಯನ 2017ರಲ್ಲಿ ಬಂತು. 1993ರಲ್ಲಿ ಒಂದು ಲಕ್ಷ ಜನರಿಗೆ 0.44 ಇದ್ದ ಸಾವಿನ ದರ 2006ಕ್ಕೆ 0.19ಕ್ಕೆ ಇಳಿದಿತ್ತು. ಅರ್ಧಕ್ಕಿಂತ ಕಡಿಮೆ. ಆಮೇಲೆ 2012ರವರೆಗೂ ಅಲ್ಲೇ ನಿಂತುಬಿಟ್ಟಿತು. ಬೇರೆ ದೇಶಗಳಲ್ಲಿ ಕಡಿಮೆ ಆಗುತ್ತಿದೆ ಅಂತ ನೀವು ಓದಿದ್ದು ಈ ಅರ್ಥದಲ್ಲಿ ಸರಿ. ಇಳಿದದ್ದು ನಿಜ, ಈಗಲೂ ಅದೇ ವೇಗದಲ್ಲಿ ಇಳಿಯುತ್ತಿದೆ ಅನ್ನುವುದು ಅಷ್ಟು ಖಚಿತವಲ್ಲ.

ಇಳಿದದ್ದು ಹೇಗೆ ಅನ್ನುವುದು ನಮಗೆ ಬೇಕಾದ ವಿಷಯ. ಅದಕ್ಕೆ ಮೊದಲು ಏರಿದ್ದು ಹೇಗೆ ನೋಡಿ. 1976ರಿಂದ ನ್ಯೂಜಿಲೆಂಡ್‌ನಲ್ಲಿ ಹರೆಯದವರ ಆಸ್ತಮಾ ಸಾವು ದಿಢೀರನೆ ಏರತೊಡಗಿತು. ಆ ಹೊತ್ತಿಗೆ ಅಲ್ಲಿ ಫೆನೊಟೆರಾಲ್ ಅನ್ನುವ ಜೋರಾದ ಪಂಪ್ ಬಂದಿತ್ತು. ಎಳೆದರೆ ತಕ್ಷಣ ಆರಾಮ. ಅದೇ ಧೈರ್ಯದಲ್ಲಿ ಜನ ಎಳೆಯುತ್ತಲೇ ಹೋದರು, ಆಸ್ಪತ್ರೆಗೆ ಹೋಗುವುದು ತಡವಾಯಿತು. ಔಷಧಿಯೂ ಹೃದಯದ ಮೇಲೆ ಭಾರ ಹಾಕುವಂಥದ್ದು. 1989ರಿಂದ ಅದರ ಬಳಕೆಗೆ ಕಡಿವಾಣ ಬಿತ್ತು, ಸಾವು ಇಳಿಯಿತು. ಅದೇ ಕಾಲಕ್ಕೆ ಎಲ್ಲ ಕಡೆ ಉಸಿರುನಾಳದ ಊತ ಇಳಿಸುವ, ಪಂಪಿನಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡ್‌ಗಳ ಬಳಕೆ ಹೆಚ್ಚಿತು. ಕೆನಡಾದಲ್ಲಿ ರೋಗಿಗಳ ದಾಖಲೆ ತೆಗೆದು ನೋಡಿದಾಗ, ವರ್ಷದಲ್ಲಿ ಒಂದೊಂದು ಸ್ಟಿರಾಯ್ಡ್ ಪಂಪ್ ಹೆಚ್ಚು ಬಳಸಿದಂತೆ ಸಾವಿನ ಪ್ರಮಾಣ ನೂರಕ್ಕೆ 21ರಷ್ಟು ಇಳಿಯುತ್ತಿತ್ತು. 2000ದಲ್ಲಿ ಪ್ರಕಟವಾದ ಈ ಅಂಕಿಯನ್ನು ನಾನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇನೆ.

ಫಿನ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1994ರಲ್ಲಿ ಹತ್ತು ವರ್ಷದ ಒಂದು ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡರು. ಹೊಸ ಔಷಧಿ ಏನೂ ಕಂಡುಹಿಡಿಯಲಿಲ್ಲ. ಸಣ್ಣ ಊರಿನ ಡಾಕ್ಟರು, ನರ್ಸು, ಕಡೆಗೆ ಔಷಧಿ ಅಂಗಡಿಯವರಿಗೂ ತರಬೇತಿ ಕೊಟ್ಟರು. ಕಾಯಿಲೆ ಬೇಗ ಪತ್ತೆ ಮಾಡಿ ಮೊದಲ ದಿನದಿಂದಲೇ ಸ್ಟಿರಾಯ್ಡ್ ಪಂಪ್ ಶುರು ಮಾಡಿದರು. ಆಸ್ತಮಾ ರೋಗಿಗಳ ಸಂಖ್ಯೆ ಏರಿದರೂ ಅವರು ಆಸ್ಪತ್ರೆಯಲ್ಲಿ ಮಲಗುವ ದಿನಗಳು 1993ರ 1.1 ಲಕ್ಷದಿಂದ 2003ಕ್ಕೆ 51 ಸಾವಿರಕ್ಕೆ ಇಳಿದವು. ಸಾವೂ ಇಳಿಯಿತು, ಖರ್ಚೂ ಇಳಿಯಿತು.

ಆಸ್ಪತ್ರೆ ಸೇರುವವರು ಕಡಿಮೆ ಆದರೆ ಒಳ್ಳೆಯದು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಅಮೆರಿಕದ ಎರಡು ವರ್ಷಗಳನ್ನು ಪಕ್ಕಪಕ್ಕ ಇಡುತ್ತೇನೆ. 2019ರಲ್ಲಿ ಅಲ್ಲಿ ಆಸ್ತಮಾದಿಂದ ಅಡ್ಮಿಟ್ ಆದದ್ದು ಸುಮಾರು 1.69 ಲಕ್ಷ ಸಲ. 2020ರಲ್ಲಿ ಅದು ಸುಮಾರು 95 ಸಾವಿರಕ್ಕೆ ಇಳಿಯಿತು. ಕೊರೊನಾ ವರ್ಷ. ಶಾಲೆ ಮುಚ್ಚಿತ್ತು, ಮಾಸ್ಕ್ ಇತ್ತು, ನೆಗಡಿಯ ವೈರಸ್ಸುಗಳು ಓಡಾಡಲಿಲ್ಲ, ಆಸ್ಪತ್ರೆಗೆ ಹೋಗಲು ಜನಕ್ಕೆ ಭಯವೂ ಇತ್ತು. ಆದರೆ ಸಾವು? 2019ರಲ್ಲಿ 3,524 ಇದ್ದದ್ದು 2020ರಲ್ಲಿ 4,145ಕ್ಕೆ ಏರಿತು. ಎರಡು ಗೆರೆಗಳು ಎದುರುಬದುರು ದಿಕ್ಕಿಗೆ ಹೋದವು. ಹಾಸಿಗೆ ಖಾಲಿ ಇದೆ ಅಂದರೆ ಜನ ಆರೋಗ್ಯವಾಗಿದ್ದಾರೆ ಅಂತಲೂ ಇರಬಹುದು, ಹಾಸಿಗೆ ತನಕ ಬರಲಿಲ್ಲ ಅಂತಲೂ ಇರಬಹುದು.

ಮಲೆನಾಡಿನಲ್ಲಿ ಎರಡನೆಯದೇ ಜಾಸ್ತಿ ಅನ್ನುವುದು ನನ್ನ ಅನುಭವ. ನಾನು ಹಾಸನದಲ್ಲಿ ಕೂತು ನೋಡುತ್ತೇನೆ. ಸಕಲೇಶಪುರ, ಆಲೂರು, ಬೇಲೂರು, ನಿಮ್ಮ ಮೂಡಿಗೆರೆ, ಎಲ್ಲ ಕಡೆಯಿಂದ ಬರುತ್ತಾರೆ. ಮೂಡಿಗೆರೆಯವರು ಅರ್ಧ ಜನ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದ, ಜೀಪು ಮಾತ್ರ ಬರುವ ದಾರಿಯ ತುದಿಯಲ್ಲಿರುವ ಲೈನ್ ಮನೆಯಲ್ಲಿ ಉಸಿರು ಕಟ್ಟಿದರೆ ಏನು ಮಾಡುವುದು? ಬೆಳಗಾಗಲಿ ಅಂತ ಕಾಯುತ್ತಾರೆ. ಆಸ್ತಮಾದ ಕೆಟ್ಟ ಗುಣವೇ ಅದು. ಉಸಿರುನಾಳ ದಿನದಲ್ಲಿ ಅತಿ ಕಿರಿದಾಗುವುದು ಬೆಳಗಿನ ಜಾವ, ನಾಲ್ಕು ಗಂಟೆ ಆಸುಪಾಸು. ಆ ಹುಡುಗ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಆಸ್ತಮಾ ಅಡ್ಮಿಷನ್ ಅಂತ ದಾಖಲಾಗಿರುವುದಿಲ್ಲ.

ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದವರ ಕಥೆ ಇನ್ನೂ ದೊಡ್ಡದು. ದೇಶದ ಒಂಬತ್ತು ಕಡೆ, ಅದರಲ್ಲಿ ನಮ್ಮ ಮೈಸೂರೂ ಒಂದು, ಮಕ್ಕಳೂ ದೊಡ್ಡವರೂ ಸೇರಿ ಸುಮಾರು ಒಂದೂಕಾಲು ಲಕ್ಷ ಜನರನ್ನು ಕೇಳಿ ಮಾಡಿದ ಸಮೀಕ್ಷೆ 2022ರಲ್ಲಿ ಪ್ರಕಟವಾಯಿತು. ಎದೆಯಲ್ಲಿ ಸುಂಯ್ ಅನ್ನುವ ಲಕ್ಷಣ ಇದ್ದವರು ನೂರಕ್ಕೆ ಮೂರು ಚಿಲ್ಲರೆ. ಅವರಲ್ಲಿ 82 ಭಾಗ ಜನಕ್ಕೆ ಆಸ್ತಮಾ ಅಂತ ಯಾರೂ ಹೇಳಿಯೇ ಇರಲಿಲ್ಲ. ಲಕ್ಷಣ ಜೋರಾಗಿ ಇದ್ದವರಲ್ಲೂ 70 ಭಾಗ ಹಾಗೆಯೇ. ದಿನಾ ಸ್ಟಿರಾಯ್ಡ್ ಪಂಪ್ ತೆಗೆದುಕೊಳ್ಳುವವರು ನೂರಕ್ಕೆ ಮೂರು ಜನವೂ ಇರಲಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ 11.38 ಲಕ್ಷ ಜನ. ಅದೇ ನೂರಕ್ಕೆ ಮೂರರ ಲೆಕ್ಕ ಹಿಡಿದರೆ 34 ಸಾವಿರ ಜನ. ಇದು ನನ್ನ ಕೈಲೆಕ್ಕ, ಸಮೀಕ್ಷೆಯದ್ದಲ್ಲ. ಅದರಲ್ಲಿ ಸರಿಯಾದ ಔಷಧಿ ತೆಗೆದುಕೊಳ್ಳುವವರು ಒಂದು ಸಣ್ಣ ಹಳ್ಳಿಗೆ ಸಾಕಾಗುವಷ್ಟು.

ಈಗ ನಿಮ್ಮ ಅಮ್ಮನ ನೀಲಿ ಪಂಪಿಗೆ ಬರುತ್ತೇನೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸಾಲ್ಬುಟಮಾಲ್. ಆಸ್ತಮಾದಲ್ಲಿ ಉಸಿರುನಾಳಕ್ಕೆ ಮೂರು ತೊಂದರೆ ಒಟ್ಟಿಗೆ ಆಗುತ್ತವೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗಿನ ಪದರ ಊದಿಕೊಳ್ಳುತ್ತದೆ, ಅಂಟು ಕಫ ತುಂಬುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನು ಮಾತ್ರ ಸಡಿಲ ಮಾಡುತ್ತದೆ. ಊತ ಹಾಗೇ ಇರುತ್ತದೆ, ಕಫ ಹಾಗೇ ಇರುತ್ತದೆ. ಗಂಟಲು ಹಿಡಿದ ಕೈ ಸಡಿಲ ಆದ್ದರಿಂದ ಆರಾಮ ಅನ್ನಿಸುತ್ತದೆ ಅಷ್ಟೇ. ಆಸ್ತಮಾದಿಂದ ಸತ್ತವರ ಶ್ವಾಸಕೋಶ ತೆಗೆದು ನೋಡಿದರೆ ಸಣ್ಣ ನಾಳಗಳೆಲ್ಲ ಗೋಂದಿನಂಥ ಕಫದಿಂದ ಮುಚ್ಚಿಹೋಗಿರುತ್ತವೆ. ಅಲ್ಲಿಗೆ ನೀಲಿ ಪಂಪಿನ ಔಷಧಿ ತಲುಪುವುದೇ ಇಲ್ಲ. ಊತ ಇಳಿಸುವುದು, ಕಫ ಕಡಿಮೆ ಮಾಡುವುದು ಸ್ಟಿರಾಯ್ಡ್ ಪಂಪಿನ ಕೆಲಸ. ಬ್ಯುಡೆಸೊನೈಡ್ ಅಂಥದ್ದು. ಅದು ತಕ್ಷಣ ಆರಾಮ ಕೊಡುವುದಿಲ್ಲ. ಹಾಗಾಗಿ ಜನ ಅದನ್ನು ‘ಪವರ್ ಇಲ್ಲದ್ದು’ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಬ್ರಿಟನ್ನಿನಲ್ಲಿ 2014ರಲ್ಲಿ 195 ಆಸ್ತಮಾ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಪಂಪಿನ ಲೆಕ್ಕ ಸಿಕ್ಕವರಲ್ಲಿ ನೂರಕ್ಕೆ 39 ಮಂದಿ ಸಾಯುವ ಹಿಂದಿನ ವರ್ಷ 12ಕ್ಕಿಂತ ಹೆಚ್ಚು ನೀಲಿ ಪಂಪ್ ಬರೆಸಿಕೊಂಡಿದ್ದರು. ಕೆಲವರು 50ಕ್ಕಿಂತ ಹೆಚ್ಚು! ನೂರಕ್ಕೆ 45 ಮಂದಿ ಕೊನೆಯ ಸಲ ಉಸಿರು ಕಟ್ಟಿದಾಗ ವೈದ್ಯರ ನೆರವು ಕೇಳದೆ, ಇಲ್ಲವೇ ನೆರವು ಸಿಗುವ ಮೊದಲೇ ಸತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ನಡೆಯುತ್ತಿದ್ದದ್ದು ಸೌಮ್ಯ ಅಥವಾ ಮಧ್ಯಮ ಆಸ್ತಮಾದ ಚಿಕಿತ್ಸೆ. ಎಲ್ಲ ಸೌಲಭ್ಯ ಇರುವ ದೇಶದ ಕಥೆ ಇದು. ‘ನನಗೆ ಅಷ್ಟೇನಿಲ್ಲ ಸಾರ್, ಆವಾಗಾವಾಗ ಒಂದು ಪಂಪ್ ಸಾಕು’ ಅನ್ನುವವರನ್ನು ಕಂಡರೆ ನನಗೆ ಈಗ ಭಯ ಆಗುವುದು ಇದಕ್ಕೇ.

ಆಸ್ತಮಾಕ್ಕೆ ನೀಲಿ ಪಂಪ್ ಒಂದನ್ನೇ ಕೊಡಬೇಡಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದ್ದು 2019ರಲ್ಲಿ. ಅದಕ್ಕೆ ಮುಂಚೆ ಸೌಮ್ಯ ಆಸ್ತಮಾಕ್ಕೆ ಅದೊಂದೇ ಸಾಕು ಅಂತಿತ್ತು. ನಾನೂ ನೂರಾರು ಜನಕ್ಕೆ ಹಾಗೆ ಬರೆದುಕೊಟ್ಟವನೇ. ನಿಮ್ಮ ಅಮ್ಮನಿಗೆ ಇಪ್ಪತ್ತು ವರ್ಷದ ಹಿಂದೆ ಬರೆದುಕೊಟ್ಟವರದ್ದು ತಪ್ಪು ಅಂತ ಹೇಳುವುದಿಲ್ಲ. ಅದೇ ಚೀಟಿ ಇವತ್ತಿಗೂ ಓಡುತ್ತಿರುವುದು ತಪ್ಪು.

ಆ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ಉಬ್ಬಸಕ್ಕೆ ಹಾಕುವ ಇಂಜೆಕ್ಷನ್ನಿನಲ್ಲಿ ಬಹಳ ಸಲ ಇರುವುದು ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್, ಜೊತೆಗೆ ಉಸಿರುನಾಳ ತೆರೆಸುವ ಡೆರಿಫಿಲ್ಲಿನ್. ತುರ್ತಿನಲ್ಲಿ ಸ್ಟಿರಾಯ್ಡ್ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ನಗು ಬರುವುದು ಬೇರೆ ಕಡೆ. ‘ಪಂಪಿನಲ್ಲಿ ಸ್ಟಿರಾಯ್ಡ್ ಇದೆಯಂತೆ, ಬೇಡ ಸಾರ್, ಅಭ್ಯಾಸ ಆಗಿಬಿಡುತ್ತೆ’ ಅನ್ನುವವರೇ ತಿಂಗಳಿಗೊಮ್ಮೆ ಈ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಒಂದು ಸಲ ಉಬ್ಬಸ ಕೆರಳಿದಾಗ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಐದು ದಿನ ಕೊಟ್ಟರೆ 200 ಮಿಲಿಗ್ರಾಂ ಆಯಿತು. ಬ್ಯುಡೆಸೊನೈಡ್ ಪಂಪ್ ದಿನಕ್ಕೆ 400 ಮೈಕ್ರೋಗ್ರಾಂ, ವರ್ಷವಿಡೀ ತೆಗೆದುಕೊಂಡರೂ 146 ಮಿಲಿಗ್ರಾಂ. ಎರಡೂ ಬೇರೆ ಬೇರೆ ಔಷಧಿ, ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಒಂದು ಅಂದಾಜು ಸಿಗಲಿ ಅಂತ ಹೇಳಿದೆ. ಪಂಪಿನದು ನೇರ ಎದೆಗೆ ಹೋಗುತ್ತದೆ, ಇಂಜೆಕ್ಷನ್ನಿನದು ಇಡೀ ಮೈ ಸುತ್ತುತ್ತದೆ. ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿನ ಪೊರೆ, ಇವೆಲ್ಲ ಪದೇ ಪದೇ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಜಾಸ್ತಿ. ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ, ದನಿ ಒಡೆಯುತ್ತದೆ.

ಇನ್ನು ನಿಮ್ಮ ಗಾಳಿಯ ಪ್ರಶ್ನೆ. ಹೊರಗಿನ ಗಾಳಿ ಚೆನ್ನಾಗಿದೆ, ಒಪ್ಪಿದೆ. ಆದರೆ ಮಳೆಗಾಲದ ಮೂರು ನಾಲ್ಕು ತಿಂಗಳು ನೀವು ಹೊರಗಿನ ಗಾಳಿ ಉಸಿರಾಡುತ್ತೀರಾ? ಬಾಗಿಲು ಕಿಟಕಿ ಮುಚ್ಚಿರುತ್ತದೆ. ಗೋಡೆಗೆ ಬೂಷ್ಟು. ಹತ್ತಿಯ ಹಾಸಿಗೆ, ಕಂಬಳಿ, ಕೌದಿಗೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದ ದೂಳಿನ ನುಸಿಗಳು ಬೆಳೆಯುತ್ತವೆ, ಅವಕ್ಕೆ ತೇವ ಅಂದರೆ ಹಬ್ಬ. ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಗೆ ಸೌದೆಯೇ. ಹಸಿ ಸೌದೆಯ ಹೊಗೆ ಮನೆಯೆಲ್ಲ ಸುತ್ತುತ್ತದೆ, ಒದ್ದೆ ಬಟ್ಟೆಯನ್ನೂ ಅದೇ ಒಲೆ ಮೇಲೆ ಒಣಗಿಸುತ್ತೇವೆ. ಇದರ ಜೊತೆಗೆ ಶಾಲೆ ಶುರುವಾಗಿ ಮಕ್ಕಳು ನೆಗಡಿ ಹೊತ್ತು ತರುತ್ತಾರೆ. ಆಸ್ತಮಾ ಕೆರಳಿಸುವುದರಲ್ಲಿ ನೆಗಡಿಯ ವೈರಸ್ಸನ್ನು ಮೀರಿಸುವುದು ಕಷ್ಟ. ಬಯಲುಸೀಮೆ ಕಡೆ, ಅರಸೀಕೆರೆ, ಕಡೂರಿನಲ್ಲಿ ಕಥೆ ಬೇರೆ. ಅಲ್ಲಿ ಒಕ್ಕಣೆಯ ದೂಳು, ಕಾಂಗ್ರೆಸ್ ಗಿಡದ ಪರಾಗ.

ಕಾಫಿಯವರಿಗೆ ಇನ್ನೊಂದು ಇದೆ. ಒಣಗಿದ, ಇನ್ನೂ ಹುರಿಯದ ಬೀಜದ ದೂಳಿಗೆ ಕೆಲವರಿಗೆ ಅಲರ್ಜಿ ಬೆಳೆಯುತ್ತದೆ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಗೋಡೌನಿನಲ್ಲಿ ಕೆಲಸ ಮಾಡುವವರಲ್ಲಿ ಇದು ಗೊತ್ತಿರುವ ವಿಷಯ. ಹರಳು (ಔಡಲ ಬೀಜ) ತುಂಬಿದ್ದ ಹಳೆಯ ಗೋಣಿಚೀಲದಲ್ಲಿ ಕಾಫಿ ತುಂಬಿದರೆ ಇನ್ನೂ ಕೆಟ್ಟದ್ದು, ಹರಳಿನ ದೂಳು ಬಲು ಜೋರಾದ ಅಲರ್ಜಿ ತರುತ್ತದೆ. ಭಾನುವಾರ, ರಜೆಯಲ್ಲಿ ಆರಾಮ, ಕೆಲಸಕ್ಕೆ ಹೋದ ದಿನ ಸಂಜೆ ಎದೆ ಬಿಗಿ ಅನ್ನುವುದಾದರೆ ಅದನ್ನು ಡಾಕ್ಟರಿಗೆ ಹೇಳಿ. ಕುಡಿಯುವ ಕಾಫಿಗೆ ಮಾತ್ರ ಬೈಯಬೇಡಿ. ಕೆಫೀನ್ ಅನ್ನುವುದು ಡೆರಿಫಿಲ್ಲಿನ್‌ನಲ್ಲಿರುವ ಥಿಯೊಫಿಲಿನ್‌ನ ದಾಯಾದಿ, ಕೆಲವು ಗಂಟೆ ಉಸಿರುನಾಳವನ್ನು ಚೂರು ತೆರೆಯುತ್ತದೆ. ಅದಕ್ಕೇ ಉಸಿರಿನ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಕಾಫಿ ಬೇಡ ಅನ್ನುತ್ತೇವೆ. ಇಲ್ಲಿಯ ಜನಕ್ಕೆ ಅದೊಂದೇ ಭಾರೀ ಶಿಕ್ಷೆ. ಹಾಗಂತ ಅದು ಚಿಕಿತ್ಸೆ ಅಲ್ಲ. ಜೂನ್ ಬಂದರೆ ಮೃಗಶಿರಾ ಮಳೆಯ ದಿನ ಉಬ್ಬಸಕ್ಕೆ ಅಂತ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಹೊರಡುವವರಿಗೂ ನಾನು ಇಷ್ಟೇ ಹೇಳುವುದು, ಹೋಗುವುದಾದರೆ ಪಂಪ್ ನಿಲ್ಲಿಸಿ ಹೋಗಬೇಡಿ.

ಅಮ್ಮನ ವಿಷಯದಲ್ಲಿ ನಾನು ಮೊದಲು ಕೇಳುವುದು ಎರಡು. ಹೋದ ಒಂದು ವರ್ಷದಲ್ಲಿ ಎಷ್ಟು ಸಲ ನೆಬ್ಯುಲೈಸ್, ಇಂಜೆಕ್ಷನ್ ಆಯಿತು? ಎಷ್ಟು ನೀಲಿ ಪಂಪ್ ಖಾಲಿ ಆಯಿತು? ಒಂದು ಪಂಪಿನಲ್ಲಿ 200 ಸಲದ ಔಷಧಿ ಇರುತ್ತದೆ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಆದರೆ ಉಬ್ಬಸ ಕೆರಳುವ ಅಪಾಯ ಹೆಚ್ಚು. ತಿಂಗಳಿಗೊಂದು ಆದರೆ ಸಾವಿನ ಅಪಾಯವೇ ಹೆಚ್ಚು. ಬಹುಶಃ ಅವರಿಗೆ ಬ್ಯುಡೆಸೊನೈಡ್ ಜೊತೆ, ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಪಂಪ್ ಬೇಕಾಗುತ್ತದೆ. ಅದನ್ನು ದಿನಾ ತೆಗೆದುಕೊಳ್ಳಬಹುದು, ಎದೆ ಕಟ್ಟಿದಾಗಲೂ ಅದನ್ನೇ ಎಳೆಯಬಹುದು. ಎಷ್ಟು ಅನ್ನುವುದನ್ನು ಪರೀಕ್ಷೆ ಮಾಡಿ ಹೇಳಬೇಕು, ಇಲ್ಲಿ ಬರೆಯಲಾರೆ. ಪಂಪಿನ ಬಣ್ಣ ನಂಬಬೇಡಿ, ಕಂಪನಿಗೊಂದು ಬಣ್ಣ ಇರುತ್ತದೆ. ಹೆಸರು ಓದಿ. ಪಂಪ್ ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡದಿದ್ದರೆ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ದಪ್ಪ ಕೊಳವೆ) ಹಾಕಿಕೊಳ್ಳಬೇಕು. ಎಷ್ಟೋ ಜನ ಔಷಧಿಯನ್ನು ನಾಲಿಗೆಗೆ ಹೊಡೆದುಕೊಂಡು ‘ಇದು ಕೆಲಸ ಮಾಡಲ್ಲ’ ಅನ್ನುತ್ತಾರೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದ್ದು ಇಷ್ಟು. ಒಂದು ವಾಕ್ಯ ಪೂರ್ತಿ ಹೇಳಲು ಆಗದೆ ಎರಡು ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರೆ, ತುಟಿ ನೀಲಿ ಆದರೆ, ಪಂಪಿನ ಆರಾಮ ನಾಲ್ಕು ಗಂಟೆಯೂ ನಿಲ್ಲದಿದ್ದರೆ ಬೆಳಗಿನ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೆ ಪಕ್ಕದ ತೋಟದ ಜೀಪು ಎಬ್ಬಿಸಿ. ಗಾಡಿ ಬರುವ ತನಕ ನೆಟ್ಟಗೆ ಕೂರಿಸಿ, ನೀಲಿ ಪಂಪನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕರಿಂದ ಹತ್ತು ಸಲ ಕೊಡಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಜೋರಾಗಿ ಸುಂಯ್ ಅನ್ನುತ್ತಿದ್ದ ಎದೆ ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿ, ರೋಗಿ ಮಂಪರಾದರೆ ಕಡಿಮೆ ಆಯಿತು ಅಂದುಕೊಳ್ಳಬೇಡಿ. ಗಾಳಿ ಆಡುವುದೇ ನಿಂತಿದೆ ಅಂತ ಅರ್ಥ. ಆ ಹುಡುಗನ ಮನೆಯವರೂ ಕೊನೆಗೆ ‘ನಿದ್ದೆ ಹತ್ತಿತು’ ಅಂದುಕೊಂಡರೋ ಏನೋ, ನನಗೆ ಹಾಗೆ ಹೇಳಿದ ಮನೆಗಳು ಒಂದೆರಡಲ್ಲ. ಒಮ್ಮೆ ಅಡ್ಮಿಟ್ ಆಗಿ ಬಂದವರು ವಾರದೊಳಗೆ ಮತ್ತೆ ಡಾಕ್ಟರನ್ನು ಕಾಣಬೇಕು. ಹಿಂದಿನ ವರ್ಷ ಆಸ್ಪತ್ರೆ ಸೇರಿದ್ದವರೇ ಮುಂದಿನ ಸಲ ಹೆಚ್ಚು ಅಪಾಯದಲ್ಲಿರುವವರು.

ಮಳೆ ಹಿಡಿಯುವ ಮುಂಚೆ ಅಮ್ಮನನ್ನು ಕರೆದುಕೊಂಡು ಚಿಕ್ಕಮಗಳೂರೋ ಹಾಸನವೋ, ನಿಮಗೆ ಹತ್ತಿರವಾದ ಕಡೆ ಎದೆ ಡಾಕ್ಟರಿಗೆ ತೋರಿಸಿ. ಬರುವಾಗ ಮನೆಯಲ್ಲಿ ಬಿದ್ದಿರುವ ಖಾಲಿ ಪಂಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ. ಕಿಟಕಿ ಮೇಲಿಂದು, ದೇವರ ಗೂಡಿನದು, ಅಮ್ಮನ ದಿಂಬಿನ ಕೆಳಗಿಂದು, ಎಲ್ಲ. ಮೊದಲು ಅದನ್ನು ಎಣಿಸೋಣ.